ಎರಡನೇ ಹಾರ್ಡ್ ಡಿಸ್ಕ್ ಕಾಣಿಸದಿದ್ದರೆ

ಕನ್ನಡ ಎಂ.ಎ. ಓದಿದ ಆಂಟಿಗೆ ಹಾರ್ಡ್ ಡಿಸ್ಕಿನ ಉಸಾಬರಿ ಯಾಕೆ ಅಂತ ನಗಬೇಡಿ. ನಮ್ಮ ರೇಡಿಯೋಗೆ ಹಳೆಯ ಧ್ವನಿಮುದ್ರಣಗಳು ಬರುವುದೇ ಯಾರದೋ ಮನೆಯ ಹಳೆಯ ಡಿಸ್ಕಿನಲ್ಲಿ. ಅವನ್ನು ಜೋಡಿಸಿ ನೋಡುವ ಸ್ವಯಂಸೇವೆ ನನ್ನದು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇರಬಹುದು. ಅಪ್ಪ ಹಳೆಯ ಕಂಪ್ಯೂಟರನ್ನು ಎಸೆಯುವಾಗ ಡಿಸ್ಕನ್ನು ಮಾತ್ರ ಕಳಚಿ ಡ್ರಾಯರಿನಲ್ಲಿ ಇಟ್ಟಿರುತ್ತಾರೆ. ಅದರೊಳಗೆ ನಿಮ್ಮ ನಾಮಕರಣದ ಫೋಟೋ, ಅಜ್ಜಿಯ ಹಾಡು ಇದ್ದೀತು.

ಅದನ್ನು ನಿಮ್ಮ ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಸೇರಿಸಿದಾಗ ವಿಂಡೋಸ್ ಕೆಲವೊಮ್ಮೆ ಬಹಳ ಮರ್ಯಾದೆಯಿಂದ ಕೇಳುತ್ತದೆ: ಡಿಸ್ಕನ್ನು ಇನಿಷಿಯಲೈಸ್ ಮಾಡಲೇ? ಫಾರ್ಮ್ಯಾಟ್ ಮಾಡಲೇ? ಹೊಸ ಡಿಸ್ಕಾದರೆ ಹೂಂ ಅನ್ನಿ. ಹಳೆಯದಾದರೆ ಖಂಡಿತ ಬೇಡ. ಕ್ಯಾನ್ಸಲ್ ಒತ್ತಿ, ತೊಂದರೆ ಎಲ್ಲಿದೆ ಎಂದು ಹುಡುಕಿ.

ಡಿಸ್ಕು ಕಾಣಿಸುವುದೇ ಇಲ್ಲವಾದರೆ ಮೊದಲು ಕೇಬಲ್ ನೋಡಿ. ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ಗನ್ನೂ ಕಿತ್ತಿಡಿ. ಸಾಟಾ ಡಿಸ್ಕಿಗೆ ಎರಡು ಕೇಬಲ್ ಬೇಕು: ಅಗಲವಾದ 15 ಪಿನ್ನಿನದು ವಿದ್ಯುತ್ತಿಗೆ, ಸಣ್ಣ 7 ಪಿನ್ನಿನದು ಡೇಟಾಕ್ಕೆ. ಎಷ್ಟೋ ಸಲ ಇವುಗಳಲ್ಲೊಂದು ಸಡಿಲವಾಗಿರುತ್ತದೆ, ಅಷ್ಟೇ. ಕೇಬಲ್ ಬದಲಿಸಿ, ಮದರ್‌ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.2 ಎಸ್‌ಎಸ್‌ಡಿ ಕೂತಿದ್ದರೆ ಒಂದೆರಡು ಸಾಟಾ ಪೋರ್ಟುಗಳು ತಾವಾಗಿಯೇ ಸುಮ್ಮನಾಗಿಬಿಡುತ್ತವೆ. ಒಂದು ಎಚ್ಚರ: ಬೇರೆ ಪವರ್ ಸಪ್ಲೈ ಜೊತೆ ಬಂದ ಕೇಬಲನ್ನು ನಿಮ್ಮದಕ್ಕೆ ಸಿಕ್ಕಿಸಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಡಿಸ್ಕು ಸುಟ್ಟೇ ಹೋದೀತು.

ಯುಎಸ್‌ಬಿ ಅಡಾಪ್ಟರಿನಲ್ಲಿ ಹಾಕುತ್ತೀರಾದರೆ, ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಿಗೆ ಯುಎಸ್‌ಬಿಯ ವಿದ್ಯುತ್ ಸಾಮಾನ್ಯವಾಗಿ ಸಾಕು. ಡೆಸ್ಕ್‌ಟಾಪಿನ 3.5 ಇಂಚಿನದಕ್ಕೆ 12 ವೋಲ್ಟ್ ಬೇಕು, ಅಂದರೆ ಗೋಡೆಗೆ ಚುಚ್ಚುವ ಅಡಾಪ್ಟರೇ ಬೇಕು.

ಇನ್ನು ಡಿಸ್ಕು ಟಕ್ ಟಕ್ ಎಂದು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಹಾನಿ ಹೆಚ್ಚು. ಅದು ಡೇಟಾ ರಿಕವರಿ ಮಾಡುವವರ ಕೆಲಸ, ದುಬಾರಿಯೂ ಹೌದು. ಒಳಗೇನಿದೆ ಎಂದು ಮೊದಲು ಅಪ್ಪ ಅಮ್ಮನನ್ನು ಕೇಳಿ ತೀರ್ಮಾನಿಸಿ.

ಕೇಬಲ್ ಸರಿಯಿದ್ದರೆ ಬಯಾಸ್ ತೆರೆಯಿರಿ. ಹೆಚ್ಚಿನ ಕಂಪ್ಯೂಟರುಗಳಲ್ಲಿ ಆನ್ ಮಾಡುತ್ತಲೇ ಎಫ್2 ಅಥವಾ ಡಿಲೀಟ್ ಒತ್ತಬೇಕು. ಹಳೆಯ ಡಿಸ್ಕಿನಲ್ಲೂ ವಿಂಡೋಸ್ ಇದ್ದರೆ ಕಂಪ್ಯೂಟರು ಗೊಂದಲಗೊಂಡು ಅದರಿಂದಲೇ ಎದ್ದೇಳಲು ನೋಡಬಹುದು. ಬೂಟ್ ಆರ್ಡರಿನಲ್ಲಿ ನಿಮ್ಮ ಮೊದಲ ಡಿಸ್ಕನ್ನು ಮೇಲೆ ತನ್ನಿ.

ಬಯಾಸಿನಲ್ಲಿ ಕಾಣುತ್ತದೆ, ವಿಂಡೋಸಿನಲ್ಲಿ ಇಲ್ಲ ಅನ್ನುವುದಾದರೆ ನೆಮ್ಮದಿಯ ವಿಷಯ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ. ಆಫ್‌ಲೈನ್ ಎಂದಿದ್ದರೆ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಮಾಡಿ. ಭಾಗಗಳು ಕಂಡರೂ ಅಕ್ಷರ ಇಲ್ಲದಿದ್ದರೆ ಒಂದು ಡ್ರೈವ್ ಲೆಟರ್ ಕೊಡಿ. ಮನೆ ಇದೆ, ಬಾಗಿಲಿಗೆ ನಂಬರಿಲ್ಲ, ಅಷ್ಟೇ ತಾನೆ! ‘ರಾ’ ಎಂದು ತೋರಿಸಿದರೆ ಫೈಲ್ ಸಿಸ್ಟಮ್ ಕೆಟ್ಟಿರಬಹುದು, ಇಲ್ಲವೇ ವಿಂಡೋಸಿಗೆ ಅರ್ಥವಾಗದ ಬಗೆಯದಿರಬಹುದು. ಮ್ಯಾಕಿನಲ್ಲಿ ಬಳಸಿದ ಡಿಸ್ಕಾದರೆ ಮ್ಯಾಕಿಗೇ ಹಾಕಿ ನೋಡಿ. ರಿಪೇರಿ ಮಾಡುವ ಪ್ರೋಗ್ರಾಮುಗಳನ್ನು ಡಿಸ್ಕಿನ ಮೇಲೆ ನೇರವಾಗಿ ಓಡಿಸಬೇಡಿ. ಅವು ಡಿಸ್ಕಿಗೇ ಬರೆಯುತ್ತವೆ.

ಕೊನೆಗೆ ಫೋಲ್ಡರ್ ತೆರೆಯಿತು, ಆದರೆ ಅಮ್ಮನ ಕನ್ನಡ ಪತ್ರದಲ್ಲಿ ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ! ಫೈಲ್ ಕೆಟ್ಟಿದೆ ಎಂದು ಅಳಿಸಬೇಡಿ. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಹೀಗೇ ಕಾಣುತ್ತದೆ. ಆ ಕಾಲದ ಫಾಂಟ್ ಹಾಕಿದರೆ ಕನ್ನಡ ಮೂಡುತ್ತದೆ; ಯುನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ.

ಏನನ್ನೂ ಅಚ್ಚುಕಟ್ಟು ಮಾಡುವ ಮುಂಚೆ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಧ್ವನಿ ಕೇಳಿಸಿ; ಯಾರದು, ಯಾವ ಊರಿನಲ್ಲಿ, ಯಾವ ಹಬ್ಬಕ್ಕೆ ಎಂದು ಫೈಲಿನ ಹೆಸರಿನಲ್ಲೇ ಬರೆದಿಡಿ. ‘ರೆಕಾರ್ಡಿಂಗ್ 7’ ಎಂದರೆ ಅದು ಯಾರೆಂದು ಹೇಳಬಲ್ಲವರು ಈಗ ಅವರಿಬ್ಬರೇ.