ಮೊದಲು ಗುರುತಿಸಿ, ಆಮೇಲೆ ಬದಲಿಸಿ: ಹಳೆಯ ಮಸ್ಟಾಂಗ್‌ನ ಆಕ್ಸಲ್, ಗೇರ್‌ಬಾಕ್ಸ್

ಹಳೆಯ ಕಾರು ಕೊಂಡವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ, ಆಮೇಲೆ ಎಂಜಿನ್ ಮೇಲೆ. ಕಾರಿನಡಿ ಬಗ್ಗಿ ನೋಡುವವರು ಕಡಿಮೆ. ಎಂಜಿನ್ನಿನ ಶಕ್ತಿ ಚಕ್ರ ತಲುಪುವ ದಾರಿ ಇರುವುದು ಅಲ್ಲೇ: ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್. ಇವನ್ನು ಸರಿಯಾಗಿ ಗುರುತಿಸಿ, ಇಂದಿನ ರಸ್ತೆಗೆ ಹೊಂದಿಸುವುದು ತಾಳ್ಮೆ ಬೇಡುವ ಕಸುಬು. ಇದನ್ನು ಅರಿಯಲು ಅಮೆರಿಕದ ಫೋರ್ಡ್ ಮಸ್ಟಾಂಗ್ ಒಳ್ಳೆಯ ಪಾಠ.

1964ರ ಏಪ್ರಿಲ್ 17ರಂದು ಬಿಡುಗಡೆಯಾದ ಈ ಕಾರಿಗೆ, ಎಂಜಿನ್ನಿಗೆ ತಕ್ಕಂತೆ ಫೋರ್ಡ್ ಮೂರು ಬಗೆಯ ಆಕ್ಸಲ್ ಹಾಕಿತು. ಆರು ಸಿಲಿಂಡರ್ ಕಾರಿಗೆ 7.25 ಇಂಚಿನದು, ಸಾಮಾನ್ಯ ವಿ8ಗೆ 8 ಇಂಚಿನದು, ಹೆಚ್ಚು ಶಕ್ತಿಯ 289 ಘನ ಇಂಚಿನ ವಿ8ಗೆ 9 ಇಂಚಿನದು. ಈ ಅಳತೆ ಒಳಗಿನ ಕ್ರೌನ್ ವೀಲಿನ ವ್ಯಾಸ.

ಗುರುತು ಹಿಡಿಯುವ ಬಗೆ

ಬಾಗಿಲ ಬಳಿಯ ತಗಡಿನಲ್ಲಿ ಆಕ್ಸಲ್ ಮತ್ತು ಗೇರ್‌ಬಾಕ್ಸ್‌ನ ಸಂಕೇತಗಳಿರುತ್ತವೆ. ಆಕ್ಸಲ್ ಸಂಕೇತ ಅಂಕಿಯಾದರೆ ಸಾಧಾರಣ ಡಿಫರೆನ್ಷಿಯಲ್, ಅಕ್ಷರವಾದರೆ ಲಿಮಿಟೆಡ್ ಸ್ಲಿಪ್. ಗೇರ್‌ಬಾಕ್ಸ್ ಸಂಕೇತ 5 ಇದ್ದರೆ ನಾಲ್ಕು ಗೇರಿನ ಮ್ಯಾನ್ಯುಯಲ್, 6 ಇದ್ದರೆ ಸಿ4 ಆಟೊಮ್ಯಾಟಿಕ್. ಆದರೆ ತಗಡು ಹೇಳುವುದು ಕಾರ್ಖಾನೆಯಲ್ಲಿ ಹಾಕಿದ್ದನ್ನು. ಅರವತ್ತು ವರ್ಷಗಳಲ್ಲಿ ಏನೇನು ಬದಲಾಗಿದೆ ಎಂಬುದನ್ನು ಕಾರಿನಡಿಯೇ ನೋಡಬೇಕು.

ಮೊದಲು ಚಕ್ರದ ಬೋಲ್ಟ್ ಎಣಿಸಿ. 1965–66ರ ಆರು ಸಿಲಿಂಡರ್ ಕಾರಿಗೆ ನಾಲ್ಕು, ವಿ8ಗೆ ಐದು. ಆಮೇಲೆ ಆಕ್ಸಲ್‌ನ ಬೆನ್ನು ನೋಡಿ. ಬಿಚ್ಚಬಹುದಾದ ಮುಚ್ಚಳವಿದ್ದರೆ 7.25 ಇಂಚಿನದು. ಹಿಂಬದಿ ನುಣುಪಾಗಿದ್ದು, ಕ್ರೌನ್–ಪಿನಿಯನ್ ಮುಂದಿನಿಂದ ಹೊರಬರುವಂತಿದ್ದರೆ 8 ಅಥವಾ 9. ಇವೆರಡನ್ನು ಬೇರೆ ಮಾಡಲು ಸಾಕೆಟ್ ಹಿಡಿಯಿರಿ: ಕೆಳಗಿನ ನಟ್ಟುಗಳಿಗೂ ಸಾಕೆಟ್ ನೇರವಾಗಿ ಕೂತರೆ 8, ತಳದ ಎರಡು ನಟ್ಟುಗಳಿಗೆ ರಿಂಗ್ ಸ್ಪ್ಯಾನರೇ ಬೇಕಾದರೆ 9.

ಆಕ್ಸಲ್‌ನ ಅನುಪಾತ, ಅಂದರೆ ಚಕ್ರಗಳ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ತಿಳಿಯುವುದೂ ಸುಲಭ. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ, ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು ಚಕ್ರವನ್ನು ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಈ ಎರಡು ಸುತ್ತು, ಎರಡೂ ಚಕ್ರಗಳ ಒಂದು ಸುತ್ತಿಗೆ ಸಮ. ಶಾಫ್ಟ್ ಮೂರು ಸುತ್ತು ತಿರುಗಿದರೆ ಅನುಪಾತ 3.00. ಈ ಲೆಕ್ಕ ಸಾಧಾರಣ ಡಿಫರೆನ್ಷಿಯಲ್‌ಗೆ ಮಾತ್ರ.

ಐದನೇ ಗೇರಿನ ಲಾಭ

ಟಾಪ್‌ಲೋಡರ್ ಎಂಬ ಹಳೆಯ ನಾಲ್ಕು ಗೇರಿನ ಪೆಟ್ಟಿಗೆ ಗಟ್ಟಿಮುಟ್ಟು. ಮುಚ್ಚಳ ಮೇಲ್ಗಡೆ ಇರುವುದೇ ಅದರ ಗುರುತು. ಆದರೆ ಓವರ್‌ಡ್ರೈವ್ ಇಲ್ಲದ್ದರಿಂದ ಹೆದ್ದಾರಿಯಲ್ಲಿ ಎಂಜಿನ್ ಸದಾ ಅಬ್ಬರಿಸುತ್ತದೆ. ಅನೇಕರು ಅದರ ಜಾಗಕ್ಕೆ 1980ರ ದಶಕದ ಮಸ್ಟಾಂಗ್‌ನ ಟಿ–5 ಎಂಬ ಐದು ಗೇರಿನ ಪೆಟ್ಟಿಗೆ ಕೂರಿಸುತ್ತಾರೆ. ಅದರ ಐದನೇ ಗೇರ್ 0.68. ಜೊತೆಗೆ 3.50ರ ಆಕ್ಸಲ್ ಹಾಕಿದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 2.38 ಸುತ್ತು ತಿರುಗಿದರೆ ಸಾಕು. ಟಾಪ್‌ಲೋಡರ್ ಮತ್ತು 3.00 ಆಕ್ಸಲ್ ಜೋಡಿಯಲ್ಲಿ ಮೂರು ಸುತ್ತು ಬೇಕಿತ್ತು. ಮೊದಲ ಗೇರ್ 2.78ರಿಂದ 3.35ಕ್ಕೆ, ಆಕ್ಸಲ್ 3.00ರಿಂದ 3.50ಕ್ಕೆ ಏರುವುದರಿಂದ ಹೊರಡುವಾಗಿನ ಎಳೆತವೂ ಸುಮಾರು ಶೇ 40ರಷ್ಟು ಹೆಚ್ಚುತ್ತದೆ. ಹೀಗೆ ಗೇರ್‌ಬಾಕ್ಸ್ ಮತ್ತು ಆಕ್ಸಲ್ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವುದರಲ್ಲೇ ಈ ಕಸುಬಿನ ಜಾಣ್ಮೆಯಿದೆ. ಸ್ಪೀಡೋಮೀಟರಿನ ಗೇರನ್ನೂ ಬದಲಿಸಬೇಕು, ಇಲ್ಲದಿದ್ದರೆ ಮುಳ್ಳು ತಪ್ಪು ವೇಗ ತೋರಿಸುತ್ತದೆ.

ನಮ್ಮ ಅಂಬಾಸಿಡರ್ ಕೂಡ 1990ರ ದಶಕದಲ್ಲಿ ಇಸುಜು ಎಂಜಿನ್ನಿನೊಂದಿಗೆ ಐದು ಗೇರುಗಳನ್ನು ಪಡೆಯಿತು. ಅದನ್ನು ಕಾರ್ಖಾನೆಯೇ ಮಾಡಿತ್ತು. ಸ್ವಂತ ಕಾರಿಗೆ ಮಾಡಿಸುವವರು ಎಚ್ಚರದಿಂದಿರಬೇಕು. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ ಕಾರು 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಚಾಸಿ ಕೊಯ್ಯಬೇಡಿ. ಬಿಚ್ಚಿದ ಭಾಗಗಳನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಚೀಟಿ ಕಟ್ಟಿ ಜೋಪಾನವಾಗಿಡಿ. ಮತ್ತೆ ಮೊದಲಿನಂತೆ ಜೋಡಿಸಲು ಬರುವ ಬದಲಾವಣೆಯೇ ಹಳೆಯ ಕಾರಿಗೆ ಒಪ್ಪುವಂಥದ್ದು.