ಮಠವೂ ಧರ್ಮಪೀಠವೂ ಕೂಡಿ ನಡೆದರೆ

ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮುಡಿಪಾದ ತಿಂಗಳು. ಸಕಲೇಶಪುರ, ಆಲೂರು ಸೀಮೆಯ ಕಥೋಲಿಕ ಕುಟುಂಬಗಳಿಗೆ ಅದು ವರ್ಗಾವಣೆಯ ತಿಂಗಳೂ ಹೌದು. ವರ್ಷಗಟ್ಟಲೆ ಮಕ್ಕಳಿಗೆ ಅಕ್ಷರ ಕಲಿಸಿದ, ಕಾಫಿ ತೋಟದ ಲೈನ್ ಮನೆಗಳಿಗೆ ಮಳೆಯಲ್ಲಿಯೂ ನಡೆದುಹೋಗಿ ರೋಗಿಗಳನ್ನು ವಿಚಾರಿಸಿದ ಧರ್ಮಭಗಿನಿಯೊಬ್ಬರು ಒಂದು ಬೆಳಿಗ್ಗೆ ಪೆಟ್ಟಿಗೆ ಕಟ್ಟಿಕೊಂಡು ಬಸ್ಸು ಹತ್ತುತ್ತಾರೆ. ಊರಿನವರು ರುಜು ಹಾಕಿದ ಮನವಿಪತ್ರವನ್ನು ಹಿಡಿದು ಚಿಕ್ಕಮಗಳೂರಿನ ಧರ್ಮಾಧ್ಯಕ್ಷರ ನಿವಾಸಕ್ಕೆ ಹೊರಡುತ್ತಾರೆ. ಧರ್ಮಾಧ್ಯಕ್ಷರು ಸಮಾಧಾನದ ಮಾತನ್ನು ಹೇಳಿಯಾರು. ಭಗಿನಿಯ ಮೇಲಧಿಕಾರಿಗೆ ಒಂದು ಮಾತು ತಿಳಿಸಿಯಾರು. ಅದಕ್ಕಿಂತ ಹೆಚ್ಚಿನದು ಅವರ ಕೈಯಲ್ಲಿಲ್ಲ. ‘ಇಡೀ ಧರ್ಮಪ್ರಾಂತ್ಯದ ಕುರುಬರಾದವರು ಒಬ್ಬ ಸಿಸ್ಟರನ್ನು ಉಳಿಸಿಕೊಡಲಾರರೇ?’ ಎಂದು ಜನ ನೊಂದುಕೊಳ್ಳುತ್ತಾರೆ.

ಈ ನೋವು ಸಹಜವಾದುದು. ಆದರೆ ಅದರ ಹಿಂದಿರುವ ಪ್ರಶ್ನೆ ಬಹಳ ಹಳೆಯದು. ಧಾರ್ಮಿಕ ಸಭೆಗಳಿಗೆ ತಮ್ಮದೇ ನಿಯಮಾವಳಿ ಇದೆ, ತಮ್ಮದೇ ಮೇಲಧಿಕಾರಿಗಳಿದ್ದಾರೆ. ಧರ್ಮಪ್ರಾಂತ್ಯಕ್ಕೆ ಧರ್ಮಾಧ್ಯಕ್ಷರಿದ್ದಾರೆ. ಇವರಿಬ್ಬರ ಮೇಲೆ ರೋಮಿನ ಪವಿತ್ರಪೀಠವಿದೆ. ಈ ಮೂವರು ಹೊಂದಿ ನಡೆದಾಗ ಏನಾಗುತ್ತದೆ, ಹೊಂದದಿದ್ದಾಗ ಏನಾಗುತ್ತದೆ ಎಂಬುದನ್ನು ನಮ್ಮ ನಾಡಿನ ಚರಿತ್ರೆಯೇ ತೋರಿಸಿಕೊಟ್ಟಿದೆ.

ಕುರುಬರಿಲ್ಲದ ಮಂದೆ

ಮೈಸೂರು ಸೀಮೆಗೆ 17ನೇ ಶತಮಾನದ ನಡುವಿನಲ್ಲಿ ಬಂದ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣವನ್ನೂ ಸುತ್ತಣ ಹಳ್ಳಿಗಳನ್ನೂ ತಮ್ಮ ಸೇವಾಕ್ಷೇತ್ರವನ್ನಾಗಿ ಮಾಡಿಕೊಂಡರು. ಈ ಮಿಷನ್ನಿಗೆ ಗೋವೆಯೇ ಬೆನ್ನೆಲುಬು. 1759ರಲ್ಲಿ ಪೋರ್ಚುಗಲ್ ಸರ್ಕಾರ ಯೇಸುಸಭೆಯನ್ನು ತನ್ನ ರಾಜ್ಯಗಳಿಂದ ಹೊರಹಾಕಿದಾಗ ಆ ಬೆನ್ನೆಲುಬು ಮುರಿಯಿತು. 1773ರಲ್ಲಿ, ಐರೋಪ್ಯ ರಾಜರ ಒತ್ತಡಕ್ಕೆ ಮಣಿದು, ಜಗದ್ಗುರು ಹದಿನಾಲ್ಕನೇ ಕ್ಲೆಮೆಂಟರು ಯೇಸುಸಭೆಯನ್ನೇ ವಿಸರ್ಜಿಸಿದರು. ತೀರ್ಮಾನವಾದದ್ದು ರೋಮಿನಲ್ಲಿ, ಕುರುಬರಿಲ್ಲದೆ ಉಳಿದವರು ಇಲ್ಲಿಯ ಬಡ ಭಕ್ತರು. ಅದರ ಬೆನ್ನಿಗೇ 1784ರಲ್ಲಿ ಕೆನರಾದ ಕ್ರೈಸ್ತರು ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು.

ಇಷ್ಟಾದರೂ ದೀಪ ಪೂರ್ತಿ ಆರಲಿಲ್ಲ. 1776ರಲ್ಲಿ ಪುದುಚೇರಿಯ ಮಿಷನ್ನನ್ನು ರೋಮ್ ಪ್ಯಾರಿಸಿನ ವಿದೇಶ ಮಿಷನ್ ಸಂಘಕ್ಕೆ ವಹಿಸಿತು. ಅಲ್ಲಿದ್ದ ಹಳೆಯ ಯೇಸುಸಭೆಯ ಗುರುಗಳು ಹೊಸಬರನ್ನು ಪ್ರತಿಸ್ಪರ್ಧಿಗಳೆಂದು ದೂರವಿಡಲಿಲ್ಲ. ಅವರೊಡನೆ ಸೇರಿಕೊಂಡು ಸೇವೆಯನ್ನು ಮುಂದುವರಿಸಿದರು. ತಮ್ಮ ಸಭೆಯೇ ಇಲ್ಲವಾದ ಮೇಲೂ ಮಂದೆಯನ್ನು ಬಿಡದ ಆ ವೃದ್ಧ ಗುರುಗಳ ದೊಡ್ಡ ಮನಸ್ಸನ್ನು ನಾವು ನೆನೆಯುವುದು ಕಡಿಮೆ.

ಅದೇ ಸಂಘದಿಂದ 1792ರಲ್ಲಿ ಭಾರತಕ್ಕೆ ಬಂದವರು ಅಬ್ಬೆ ದುಬುವಾ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಚದುರಿಹೋದ ಕ್ರೈಸ್ತರನ್ನು ಒಗ್ಗೂಡಿಸಲು ಅವರು ಮೈಸೂರಿಗೆ ಬಂದರು. ಜನರಿಗೆ ಉಳುಮೆಯ ನೆಲೆ ಒದಗಿಸಿದರು. ಹಾಸನದ ಬಳಿಯ ಸಾತಹಳ್ಳಿಯ ಕ್ರೈಸ್ತ ನೆಲೆಯೊಡನೆ ಅವರ ಹೆಸರು ಬೆಸೆದುಕೊಂಡಿದೆ. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದ ಮೇಲೂ ಅವರ ಸಂಘದ ಗುರುಗಳು ಬರುತ್ತಲೇ ಇದ್ದರು. 1860ರ ದಶಕದಲ್ಲಿ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ದೇವಾಲಯ ಇಂದು ಜಲಾಶಯದ ಹಿನ್ನೀರಿನಲ್ಲಿ ಪಾಳುಗೋಡೆಗಳಾಗಿ ನಿಂತಿದೆ.

ಏಂಜರ್ಸಿನಿಂದ ಬೆಂಗಳೂರಿಗೆ

ಧರ್ಮಭಗಿನಿಯರ ವಿಷಯಕ್ಕೆ ಬಂದರೆ, ಫ್ರಾನ್ಸಿನ ಏಂಜರ್ಸ್ ಪಟ್ಟಣದ ಸಂತ ಯೂಫ್ರೇಸಿಯಾ ಪೆಲೆತಿಯೆ ಅವರ ಜೀವನವೇ ಒಂದು ಪಾಠ. ಅಲ್ಲಿಯವರೆಗೆ ಅವರ ಸಂಪ್ರದಾಯದ ಒಂದೊಂದು ಮಠವೂ ಸ್ವತಂತ್ರವಾಗಿದ್ದು ಆಯಾ ಊರಿನ ಧರ್ಮಾಧ್ಯಕ್ಷರಿಗೆ ಒಳಪಟ್ಟಿತ್ತು. ಮಠಗಳೆಲ್ಲ ಒಬ್ಬ ಮಹಾಮಾತೆಯ ಕೆಳಗೆ ಒಂದಾದರೆ ಮಾತ್ರ ಅಗತ್ಯವಿದ್ದ ಕಡೆಗೆ ಭಗಿನಿಯರನ್ನು ಕಳುಹಿಸಬಹುದೆಂದು ಯೂಫ್ರೇಸಿಯಾ ವಾದಿಸಿದರು. ವಿರೋಧ ಸಣ್ಣದಾಗಿರಲಿಲ್ಲ, ಏಂಜರ್ಸಿನ ಧರ್ಮಾಧ್ಯಕ್ಷರೊಡನೆಯೂ ಅವರಿಗೆ ಮನಸ್ತಾಪ ಉಂಟಾಯಿತು. 1835ರಲ್ಲಿ ಜಗದ್ಗುರು ಹದಿನಾರನೇ ಗ್ರೆಗೊರಿಯವರು ಈ ವ್ಯವಸ್ಥೆಗೆ ಸಮ್ಮತಿ ಇತ್ತರು.

ಇದರ ಫಲ ನಮ್ಮ ನಾಡಿಗೂ ತಲುಪಿತು. ಮೈಸೂರು ಮಿಷನ್ನಿನ ಧರ್ಮಾಧ್ಯಕ್ಷ ಶಾರ್ಬೊನೊ ಅವರ ಕರೆಗೆ ಓಗೊಟ್ಟು ‘ಗುಡ್ ಶೆಫರ್ಡ್’ ಭಗಿನಿಯರು 1854ರಲ್ಲಿ ಬೆಂಗಳೂರಿಗೆ ಬಂದರು. 1886ರಲ್ಲಿ ಆರಂಭವಾದ ಸಂತ ಮಾರ್ಥಾ ಆಸ್ಪತ್ರೆ ಅವರದೇ ಸೇವೆ. ರೋಮ್ ಒಪ್ಪಿತು, ಮಹಾಮಾತೆ ಕಳುಹಿಸಿದರು, ಧರ್ಮಾಧ್ಯಕ್ಷರು ಬರಮಾಡಿಕೊಂಡರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಭಗಿನಿಯರು ಬರುತ್ತಿರಲಿಲ್ಲ. ಒಬ್ಬ ಭಗಿನಿಯನ್ನು ಇಂದು ನಮ್ಮಿಂದ ಕರೆದುಕೊಂಡು ಹೋಗುವ ವ್ಯವಸ್ಥೆಯೇ ಅಂದು ನಮ್ಮ ನಾಡಿಗೆ ಭಗಿನಿಯರನ್ನು ಕರೆತಂದಿತು ಎಂಬುದನ್ನು ಮರೆಯಬಾರದು.

ಬರಹದಲ್ಲಿರುವ ಒಪ್ಪಂದ

ಹಾಸನ ಜಿಲ್ಲೆಯನ್ನು ಒಳಗೊಂಡ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರ್ಪಟ್ಟು 1963ರ ನವೆಂಬರಿನಲ್ಲಿ ಸ್ಥಾಪನೆಯಾಯಿತು. ಆಗ ರೋಮಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿತ್ತು. 1965ರ ಅಕ್ಟೋಬರ್ 28ರಂದು ಆ ಮಹಾಸಭೆ ಧರ್ಮಾಧ್ಯಕ್ಷರ ಸೇವೆಯನ್ನು ಕುರಿತು ಒಂದು, ಧಾರ್ಮಿಕ ಜೀವನದ ನವೀಕರಣವನ್ನು ಕುರಿತು ಇನ್ನೊಂದು ಆದೇಶವನ್ನು ಒಂದೇ ದಿನ ಹೊರಡಿಸಿತು. ಇವೆರಡನ್ನೂ ಹೊಂದಿಸುವ ಮಾರ್ಗದರ್ಶಿ ಪತ್ರವನ್ನು, ಧರ್ಮಾಧ್ಯಕ್ಷರ ವಿಷಯವನ್ನೂ ಧಾರ್ಮಿಕರ ವಿಷಯವನ್ನೂ ನೋಡಿಕೊಳ್ಳುವ ರೋಮಿನ ಎರಡು ಇಲಾಖೆಗಳು ಒಟ್ಟಾಗಿ 1978ರಲ್ಲಿ ಪ್ರಕಟಿಸಿದವು.

1983ರ ಧರ್ಮಸಭೆಯ ಕಾನೂನು ಸಂಹಿತೆ ಇದನ್ನು ಸ್ಪಷ್ಟ ನಿಯಮಗಳಿಗೆ ಇಳಿಸಿತು. ಧರ್ಮಾಧ್ಯಕ್ಷರ ಲಿಖಿತ ಸಮ್ಮತಿಯಿಲ್ಲದೆ ಅವರ ಪ್ರಾಂತ್ಯದಲ್ಲಿ ಹೊಸ ಮಠ ತೆರೆಯುವಂತಿಲ್ಲ. ಸಮ್ಮತಿ ಇತ್ತ ಮೇಲೆ ಆ ಸಭೆ ತನ್ನ ವೈಶಿಷ್ಟ್ಯಕ್ಕೆ ತಕ್ಕಂತೆ ಬಾಳುವುದನ್ನು ಅವರು ತಡೆಯುವಂತಿಲ್ಲ. ಆತ್ಮಗಳ ಪಾಲನೆ, ಸಾರ್ವಜನಿಕ ಆರಾಧನೆ, ಪ್ರೇಷಿತ ಸೇವೆ ಇವುಗಳಲ್ಲಿ ಧಾರ್ಮಿಕರು ಧರ್ಮಾಧ್ಯಕ್ಷರಿಗೆ ಒಳಪಟ್ಟವರು. ಮಠದ ಒಳಬಾಳ್ವೆಯಲ್ಲಿ ತಮ್ಮ ಮೇಲಧಿಕಾರಿಗಳಿಗೆ. ಧರ್ಮಾಧ್ಯಕ್ಷರು ಒಂದು ಕಾರ್ಯವನ್ನು ಸಭೆಗೆ ವಹಿಸುವಾಗ, ಏನು ಕೆಲಸ, ಎಷ್ಟು ಜನ, ಹಣಕಾಸು ಹೇಗೆ ಎಂಬುದನ್ನು ಲಿಖಿತ ಒಪ್ಪಂದದಲ್ಲಿ ನಮೂದಿಸಬೇಕು. ಮಠವನ್ನು ಮುಚ್ಚುವ ಅಧಿಕಾರ ಸಭೆಯ ಮಹಾಧಿಕಾರಿಯದು. ಆದರೆ ಮುಚ್ಚುವ ಮೊದಲು ಧರ್ಮಾಧ್ಯಕ್ಷರೊಡನೆ ಸಮಾಲೋಚಿಸಲೇಬೇಕು.

ಕಾಲ ಬದಲಾದಂತೆ ಈ ಸಂಬಂಧವೂ ಹೊಸ ವಿಚಾರಣೆಗೆ ಬಂದಿದೆ. 1978ರ ಪತ್ರ ತನ್ನ ಕಾಲಕ್ಕೆ ಉಪಯುಕ್ತವಾಗಿದ್ದರೂ ಪರಿಷ್ಕರಣೆಯಾಗಬೇಕೆಂದು ಜಗದ್ಗುರು ಫ್ರಾನ್ಸಿಸರು 2013ರಲ್ಲಿ ಧಾರ್ಮಿಕ ಸಭೆಗಳ ಮಹಾಧಿಕಾರಿಗಳಿಗೆ ತಿಳಿಸಿದ್ದರು. 2020ರಲ್ಲಿ, ಪವಿತ್ರಪೀಠದ ಲಿಖಿತ ಅನುಮತಿಯಿಲ್ಲದೆ ಧರ್ಮಾಧ್ಯಕ್ಷರು ಹೊಸ ಧಾರ್ಮಿಕ ಸಭೆಯನ್ನು ಸ್ಥಾಪಿಸುವಂತಿಲ್ಲವೆಂದು ವಿಧಿಸಿದರು. 2025ರ ಜನವರಿಯಲ್ಲಿ ಧಾರ್ಮಿಕ ಜೀವನದ ಇಲಾಖೆಯ ಮುಖ್ಯಸ್ಥರಾಗಿ ಕೊನ್ಸೊಲಾತಾ ಸಭೆಯ ಭಗಿನಿ ಸಿಮೊನಾ ಬ್ರಾಂಬಿಲ್ಲಾ ನೇಮಕಗೊಂಡರು. ರೋಮಿನ ಇಂತಹ ಇಲಾಖೆಯೊಂದಕ್ಕೆ ಮಹಿಳೆಯೊಬ್ಬರು ಮುಖ್ಯಸ್ಥರಾದದ್ದು ಅದೇ ಮೊದಲು. ಅದೇ ವರ್ಷದ ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಹನ್ನೆರಡು ವರ್ಷ ಅಗಸ್ಟೀನರ ಸಭೆಯ ಮಹಾಧಿಕಾರಿಯಾಗಿದ್ದವರು. ಆಮೇಲೆ ಪೆರು ದೇಶದ ಚಿಕ್ಲಾಯೊದಲ್ಲಿ ಧರ್ಮಾಧ್ಯಕ್ಷರಾಗಿದ್ದವರು. ಮಠದ ಕಷ್ಟವನ್ನೂ ಧರ್ಮಪೀಠದ ಭಾರವನ್ನೂ ಸ್ವತಃ ಹೊತ್ತು ನೋಡಿದವರು.

ನಮ್ಮ ಕರ್ತವ್ಯ

ಇದು ನಮಗೇಕೆ ಎನ್ನುವಂತಿಲ್ಲ. ಹಾನಬಾಳು, ಹೆತ್ತೂರು, ಯಸಳೂರುಗಳಂತಹ ಗುಡ್ಡದ ಕಡೆಗಳಲ್ಲಿ ಮನೆಗಳು ಚದುರಿವೆ, ದಾರಿ ದೂರ. ಇಂತಲ್ಲಿ ಒಂದು ಚಿಕ್ಕ ಮಠವೆಂದರೆ ಮಕ್ಕಳಿಗೆ ಧರ್ಮೋಪದೇಶ, ರೋಗಿಗೆ ಔಷಧ, ಮನನೊಂದ ಹೆಣ್ಣುಮಗಳಿಗೆ ಕಿವಿಗೊಡುವ ಒಂದು ಜೀವ. ಹೊಸ ದೈವಕರೆಗಳು ವಿರಳವಾಗುತ್ತಿರುವಾಗ ಸಭೆಗಳು ತಮ್ಮ ಚಿಕ್ಕ ಮಠಗಳ ವಿಷಯವನ್ನು ಮರುಚಿಂತಿಸಬೇಕಾಗಿ ಬರುವುದು ಸಹಜ. ಅಂತಹ ಚಿಂತನೆ ಮೇಲಿನ ಎರಡು ಕಚೇರಿಗಳ ನಡುವೆಯೇ ಮುಗಿದು, ಜನರಿಗೆ ಬೀಗ ಹಾಕಿದ ಬಾಗಿಲು ಮಾತ್ರ ಕಾಣಿಸಬಾರದು.

ಮನವಿಪತ್ರವನ್ನು ವರ್ಗಾವಣೆಯಾದ ಮೇಲೆ ಬರೆದರೆ ಫಲವಿಲ್ಲ. ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಯಲ್ಲಿ ಮೊದಲೇ ಕೇಳೋಣ: ಇಲ್ಲಿಯ ಶಾಲೆ, ಔಷಧಾಲಯಗಳ ಬಗ್ಗೆ ಲಿಖಿತ ಒಪ್ಪಂದ ಇದೆಯೇ? ಭಗಿನಿಯರು ಹೋಗಬೇಕಾಗಿ ಬಂದರೆ ಸೇವೆಯನ್ನು ಮುಂದುವರಿಸುವವರು ಯಾರು? ಅದರಲ್ಲಿ ನಮ್ಮ ಪಾಲು ಏನು? ಇದು ಅಧಿಕಾರವನ್ನು ಪ್ರಶ್ನಿಸುವ ಮಾತಲ್ಲ, ಹೊಣೆಯನ್ನು ಹಂಚಿಕೊಳ್ಳುವ ಮಾತು. ಹಾಗೆಯೇ ನಮ್ಮ ಮನೆಯ ಮಗಳೊಬ್ಬಳು ಮಠಕ್ಕೆ ಸೇರುವೆನೆಂದಾಗ ನಾವು ಎಷ್ಟು ಮಂದಿ ಮನಃಪೂರ್ವಕವಾಗಿ ಹರಸಿ ಕಳುಹಿಸಿದ್ದೇವೆ ಎಂಬುದನ್ನೂ ಕೇಳಿಕೊಳ್ಳೋಣ.

ಬಸ್ಸು ಹತ್ತಿದ ಭಗಿನಿಯ ಹಿಂದೆ ಕಣ್ಣೀರಿಡುವುದು ಪ್ರೀತಿಯ ಕುರುಹು. ಅವರು ಆರಂಭಿಸಿದ ಕೆಲಸ ಅವರು ಹೋದ ಮೇಲೂ ನಿಲ್ಲದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಪ್ರೀತಿ.