ಹೆಂಪ್ ಬೀಜ: ಮರುಸಂಕರಣದ ಲೆಕ್ಕಾಚಾರ ಮತ್ತು ವರ್ತಕರ ಎಚ್ಚರ

ನಾರು ಹಾಗೂ ಬೀಜಕ್ಕಾಗಿ ಬೆಳೆಯುವ ಹೆಂಪ್ ಮತ್ತು ಅಮಲಿನ ಗಾಂಜಾ, ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಗಿಡ. ಇವನ್ನು ಬೇರ್ಪಡಿಸುವುದು ಟಿಎಚ್‌ಸಿ ಎಂಬ ಅಮಲುಕಾರಕದ ಪ್ರಮಾಣ ಮಾತ್ರ. ಉತ್ತರಾಖಂಡದ ಪರವಾನಗಿಯಲ್ಲಿಯೂ ಅಮೆರಿಕದ 2018ರ ಕೃಷಿ ಕಾಯ್ದೆಯಲ್ಲಿಯೂ ಇದರ ಮಿತಿ ಶೇ. 0.3. ಮಿತಿ ಮೀರಿದ ಬೆಳೆ ಹೆಂಪ್ ಎನಿಸಿಕೊಳ್ಳುವುದಿಲ್ಲ. ಆದುದರಿಂದ ಬೀಜದ ಗುಣಸ್ಥಿರತೆಯು ಇಲ್ಲಿ ಬಂಡವಾಳದ ಪ್ರಶ್ನೆಯೇ ಆಗಿದೆ.

ಸ್ಥಳೀಯ ಹವೆಗೆ ಒಗ್ಗಿದ, ಆದರೆ ಟಿಎಚ್‌ಸಿ ಅಧಿಕವಿರುವ ತಳಿಯೊಂದು ಇದೆಯೆಂದು ಭಾವಿಸೋಣ. ಅದನ್ನು ಟಿಎಚ್‌ಸಿ ಕಡಿಮೆಯಿರುವ ಯುರೋಪಿನ ತಳಿಯೊಡನೆ ಸಂಕರಿಸಿ, ಹುಟ್ಟಿದ ಪೀಳಿಗೆಯನ್ನು ಮತ್ತೆ ಮತ್ತೆ ಸ್ಥಳೀಯ ತಳಿಯೊಡನೆಯೇ ಸಂಕರಿಸುವುದು ಬ್ಯಾಕ್‌ಕ್ರಾಸ್ ಅಥವಾ ಮರುಸಂಕರಣ. 1922ರಲ್ಲಿ ಹಾರ್ಲನ್ ಮತ್ತು ಪೋಪ್ ಎಂಬ ವಿಜ್ಞಾನಿಗಳು ಧಾನ್ಯಗಳ ತಳಿ ಸುಧಾರಣೆಗೆ ಈ ವಿಧಾನವನ್ನು ಪ್ರತಿಪಾದಿಸಿದರು.

ಇದರ ಗಣಿತ ನಮಗೆ ಪರಿಚಿತವೇ. ಸವಕಳಿಯ ಡಬ್ಲ್ಯುಡಿವಿ ಪದ್ಧತಿಯಂತೆ, ಯುರೋಪಿನ ತಳಿಯ ಪಾಲು ಪ್ರತಿ ಪೀಳಿಗೆಯಲ್ಲಿ ಸರಾಸರಿ ಅರ್ಧಕ್ಕಿಳಿಯುತ್ತದೆ. ಮೊದಲ ಸಂಕರದಲ್ಲಿ ಶೇ. 50, ಅನಂತರ 25, 12.5, 6.25, 3.125. ಐದನೆಯ ಮರುಸಂಕರಣದ ವೇಳೆಗೆ ಉಳಿಯುವುದು ಶೇ. 1.56 ಮಾತ್ರ. ಆದರೆ ಬೇಕಾದ ಗುಣವೂ ಇದರೊಡನೆ ಕಳೆದುಹೋಗಬಾರದು. ಪ್ರತಿ ಪೀಳಿಗೆಯಲ್ಲಿ ಸುಮಾರು ಅರ್ಧದಷ್ಟು ಗಿಡಗಳಲ್ಲಿ ಮಾತ್ರ ಅದು ಉಳಿಯುವುದರಿಂದ, ಪರೀಕ್ಷಿಸಿ ಆರಿಸಿದ ಗಿಡಗಳನ್ನಷ್ಟೇ ಮುಂದುವರಿಸಬೇಕು.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆರಿಸಿದ ಗಿಡಗಳಲ್ಲಿ ಆ ಗುಣದ ವಂಶವಾಹಿ ಒಂಟಿಯಾಗಿರುತ್ತದೆ. ಅದರ ಜೋಡಿಯು ಟಿಎಚ್‌ಸಿ ಪಕ್ಷದ್ದೇ. ಕೊನೆಯಲ್ಲಿ ಇಂತಹ ಗಿಡಗಳನ್ನೇ ಪರಸ್ಪರ ಸಂಕರಿಸಿದಾಗ ನಾಲ್ಕರಲ್ಲಿ ಒಂದು ಪಾಲಿಗೆ ಎರಡೂ ಪ್ರತಿಗಳು ದೊರೆಯುತ್ತವೆ. ಈ ಗುಣದಲ್ಲಿ ಸ್ಥಿರವಾದ ಬೀಜಕ್ಕೆ ಅವೇ ಮೂಲ.

ಇಲ್ಲಿ ಮೂರು ಅಂಶಗಳನ್ನು ಗಮನಿಸತಕ್ಕದ್ದು.

1. ಈ ಗಿಡದಲ್ಲಿ ಸಾಮಾನ್ಯವಾಗಿ ಗಂಡು-ಹೆಣ್ಣು ಬೇರೆ ಬೇರೆ. ಪರಾಗವು ಗಾಳಿಯಲ್ಲಿ ಬಹುದೂರ ಸಾಗುತ್ತದೆ. ಪ್ರತ್ಯೇಕತೆ ಕಾಪಾಡದಿದ್ದರೆ ವರ್ಷಗಳ ಶ್ರಮ ಒಂದೇ ಋತುವಿನಲ್ಲಿ ವ್ಯರ್ಥವಾಗುತ್ತದೆ.

2. ಸ್ಥಳೀಯ ತಳಿಯ ಕೆಲವೇ ಗಿಡಗಳನ್ನು ಬಳಸಿದರೆ ಒಳಸಂತಾನದಿಂದ ಬೆಳೆಯ ಕಸುವು ಕುಗ್ಗುತ್ತದೆ.

3. ಈ ವಂಶವಾಹಿ ಸ್ಥಿರಗೊಳಿಸುವುದು ಸಿಬಿಡಿ ಮತ್ತು ಟಿಎಚ್‌ಸಿಗಳ ಅನುಪಾತವನ್ನು, ಒಟ್ಟು ಪ್ರಮಾಣವನ್ನಲ್ಲ. ಹೂ ಬಲಿತಂತೆ ಎರಡೂ ಏರುವುದರಿಂದ, ತಡವಾಗಿ ಕೊಯ್ದ ಉತ್ತಮ ತಳಿಯೂ ಮಿತಿ ದಾಟಬಹುದು.

1985ರ ಎನ್‌ಡಿಪಿಎಸ್ ಕಾಯ್ದೆಯನ್ವಯ ಅನುಮತಿಯಿಲ್ಲದೆ ಈ ಗಿಡ ಬೆಳೆಯುವುದು ಅಪರಾಧ. ನಾರು ಮತ್ತು ಬೀಜದ ಉದ್ದೇಶಕ್ಕೆ ಅನುಮತಿ ನೀಡಲು 14ನೆಯ ಕಲಮಿನಲ್ಲಿ ಅವಕಾಶವಿದೆ. "ಸ್ಥಿರ ತಳಿ" ಎಂಬ ಮುದ್ರಿತ ಚೀಟಿ ಪರವಾನಗಿಯಾಗದು. ಆದುದರಿಂದ ಖರೀದಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಬೆಳೆಗಾರರ ಪರವಾನಗಿ, ಬೀಜದ ವಂಶಾವಳಿ ಹಾಗೂ ಪ್ರತಿ ತಂಡದ ಪ್ರಯೋಗಾಲಯ ವರದಿ, ಇವು ಮೂರನ್ನೂ ಕಡತದಲ್ಲಿ ಇರಿಸಿಕೊಳ್ಳುವುದು ಸದಸ್ಯರಿಗೆ ಕ್ಷೇಮಕರ.